ಒಲೆ, ಹಾಸಿಗೆ ಹೊತ್ತ ದೋಣಿ ರೇಸ್ ಗೆಲ್ಲುವುದು ಹೇಗೆ?

ಪ್ರಶ್ನೆ: ದೊಡ್ಡ ಹಾಯಿದೋಣಿಗಳ ಫೋಟೊ ನೋಡಿದರೆ ಒಳಗೆ ಒಲೆ, ಸಿಂಕು, ಹಾಸಿಗೆ, ಕಕ್ಕಸು ಎಲ್ಲಾ ಇರುತ್ತೆ. ಅದೇ ದೋಣಿ ಸಾಗರದ ರೇಸಿನಲ್ಲೂ ಓಡುತ್ತೆ ಅಂತಾರೆ. ಇಷ್ಟು ಸಂಸಾರ ಹೊತ್ತುಕೊಂಡು ಜೋರಾಗಿ ಹೋಗೋದು ಹೇಗೆ?

ಉತ್ತರ: ಈ ಪ್ರಶ್ನೆಯ ಹಿಂದೆ ರೇಸ್ ಕಾರಿನ ಲೆಕ್ಕವಿದೆ. ಸೀಟು ಕಿತ್ತುಹಾಕು, ಭಾರ ಇಳಿಸು, ವೇಗ ಏರುತ್ತೆ. ದೋಣಿಯ ಲೆಕ್ಕ ಬೇರೆ. ಒಂದೇ ದೋಣಿಯನ್ನು ಹಿಡಿದು ನೋಡೋಣ: ಅಮೆರಿಕದ ಕ್ಯಾಲ್ 40. 1963ರಲ್ಲಿ ಬಿಲ್ ಲ್ಯಾಪ್‌ವರ್ತ್ ವಿನ್ಯಾಸ ಮಾಡಿದರು, ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಜೆನ್ಸನ್ ಮರೀನ್ ಕಟ್ಟಿತು. ಉದ್ದ 39 ಅಡಿ ಚಿಲ್ಲರೆ, ಅಗಲ 11 ಅಡಿ, ತೂಕ ಸುಮಾರು 6,800 ಕೆ.ಜಿ. ಅದರಲ್ಲಿ 2,700 ಕೆ.ಜಿ.ಯಷ್ಟು ಬರೀ ಸೀಸ, ತಳದಿಂದ ಕೆಳಗೆ ಇಳಿದಿರುವ ಕೀಲ್‌ನಲ್ಲಿ. ಗಾಳಿ ಹಾಯಿಯನ್ನು ಪಕ್ಕಕ್ಕೆ ಒತ್ತಿದಾಗ ದೋಣಿ ಮಗುಚದಂತೆ ತಡೆಯುವುದು ಈ ಸೀಸ. ಇದರ ಮುಂದೆ ಒಂದು ಒಲೆ, ನಾಲ್ಕು ಹಾಸಿಗೆ ಯಾವ ಮಹಾ ಭಾರ?

ವೇಗವನ್ನು ನಿಜವಾಗಿ ಕಟ್ಟಿಹಾಕುವುದು ನೀರು. ದೋಣಿ ಓಡುವಾಗ ಮೂತಿಯ ಬಳಿ ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕೊನೆಗೆ ದೋಣಿ ತಾನೇ ತೋಡಿದ ಹಳ್ಳದಲ್ಲಿ ಕೂತುಬಿಡುತ್ತದೆ. ಹಳ್ಳ ಹತ್ತಿ ಆಚೆ ಹೋಗುವಷ್ಟು ಶಕ್ತಿ ಹಾಯಿಗೆ ಸಾಮಾನ್ಯವಾಗಿ ಇರುವುದಿಲ್ಲ. ಈ ಮಿತಿ ನಿಂತಿರುವುದು ನೀರಿಗೆ ತಾಗುವ ಉದ್ದದ ಮೇಲೆ. ಕ್ಯಾಲ್ 40ರಲ್ಲಿ ಅದು 30 ಅಡಿ, ಅಂದರೆ ಮಿತಿ ಸುಮಾರು 7.4 ನಾಟ್, ಗಂಟೆಗೆ 14 ಕಿ.ಮೀ.ಗಿಂತ ತುಸು ಕಡಿಮೆ. ಹೌದು, ಸೈಕಲ್ ವೇಗ! ಸಾಗರದ ರೇಸ್ ಎಂದರೆ ಇಷ್ಟೇನಾ ಎಂದು ನಗಬೇಡಿ, ಹಗಲು ರಾತ್ರಿ ನಿಲ್ಲದೆ ಓಡುವ ಸೈಕಲ್ ಅದು.

ಲ್ಯಾಪ್‌ವರ್ತ್ ಕೈ ಹಾಕಿದ್ದು ಇಲ್ಲಿಗೆ. ಹಿಂದಿನ ಸಾಗರದೋಣಿಗಳಿಗೆ ಸಾಮಾನ್ಯವಾಗಿ ಆಳವಾದ ಹೊಟ್ಟೆ, ತಳದುದ್ದಕ್ಕೂ ಉದ್ದನೆಯ ಕೀಲ್, ಅದರ ಹಿಂದಿನ ಅಂಚಿಗೇ ಅಂಟಿದ ಚುಕ್ಕಾಣಿ ಇರುತ್ತಿತ್ತು. ಇವರು ಹೊಟ್ಟೆ ಚಪ್ಪಟೆ ಮಾಡಿದರು, ಕೀಲನ್ನು ಮೀನಿನ ರೆಕ್ಕೆಯಷ್ಟಕ್ಕೆ ಕತ್ತರಿಸಿದರು, ಚುಕ್ಕಾಣಿಯನ್ನು ಬಿಡಿಸಿ ದೂರ ಹಿಂದಕ್ಕೆ ಒಯ್ದರು. ಬೆನ್ನ ಹಿಂದಿನಿಂದ ಗಾಳಿಯೂ ಅಲೆಯೂ ಬಂದಾಗ ಇಂಥ ದೋಣಿ ಹಳ್ಳದಲ್ಲಿ ಕೂರದೆ, ಜಾರುಬಂಡೆ ಇಳಿದ ಹಾಗೆ ಅಲೆಯ ಇಳಿಜಾರಿನಲ್ಲಿ ಸರ್ರನೆ ಜಾರುತ್ತದೆ. ಆಗ ಮಿತಿ ಗಿತಿ ಎಲ್ಲ ಹಿಂದೆ. ಆದರೆ ಜಾರುವ ದೋಣಿ ಅಡ್ಡ ತಿರುಗಿ ಮಲಗಿಬಿಡುವ ಭಯವೂ ಇದೆ. ಅದನ್ನು ತಡೆಯಬೇಕಾದದ್ದು ಚುಕ್ಕಾಣಿ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿ, ಆಮೇಲೆ ಅಂಚಿನಲ್ಲಿ ತಳ್ಳಿ ನೋಡಿ. ಹಿಂದಕ್ಕೆ ಸರಿದ ಚುಕ್ಕಾಣಿಯ ಬಲ ಅದೇ.

ಲಾಸ್ ಏಂಜಲೀಸ್‌ನಿಂದ ಹೊನೊಲುಲುವಿಗೆ 2,225 ನಾಟಿಕಲ್ ಮೈಲಿಯ ಟ್ರಾನ್ಸ್‌ಪ್ಯಾಕ್ ರೇಸಿನ ಬಹುಪಾಲು ಇಂಥ ಹಿಂಗಾಳಿಯಲ್ಲೇ. ಎರಡು ವರ್ಷಕ್ಕೊಮ್ಮೆ ನಡೆಯುವ ಅದನ್ನು ಕ್ಯಾಲ್ 40ಗಳು 1965, 1967, 1969ರಲ್ಲಿ ಸಾಲಾಗಿ ಗೆದ್ದವು. ನಡುವೆ 1966ರಲ್ಲಿ ಬರ್ಮುಡಾ ರೇಸನ್ನೂ. ಗೆದ್ದವು ಎಂದರೆ ದಡಕ್ಕೆ ಮೊದಲು ಮುಟ್ಟಿದವು ಎಂದಲ್ಲ. ಬೇರೆ ಬೇರೆ ಅಳತೆಯ ದೋಣಿಗಳು ಒಟ್ಟಿಗೆ ಓಡುವುದರಿಂದ ಪ್ರತಿಯೊಂದಕ್ಕೂ ಸಮಯದ ರಿಯಾಯಿತಿ ಇರುತ್ತದೆ. ಅದನ್ನು ಕಳೆದ ಮೇಲೆ ಉಳಿಯುವ ಸಮಯದ್ದೇ ಮಾತು.

ಇನ್ನು ಆ ಒಲೆ. ಹತ್ತು ಹನ್ನೆರಡು ದಿನ ಸರದಿಯಲ್ಲಿ ಹಾಯಿ ಎಳೆಯುವವರಿಗೆ ಬಿಸಿ ಅನ್ನ, ಒಣ ಹಾಸಿಗೆ ಶೋಕಿಯಲ್ಲ. ನಿದ್ದೆಗೆಟ್ಟವನ ಕೈಯಲ್ಲಿ ಚುಕ್ಕಾಣಿ ಕೊಟ್ಟರೆ ದೋಣಿ ಎಷ್ಟು ಹಗುರವಿದ್ದೇನು? ಒಲೆಯನ್ನು ಎರಡು ಪಕ್ಕದಲ್ಲಿ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಪಾತ್ರೆ ತೊಟ್ಟಿಲಿನ ಮಗುವಿನಂತೆ ಮಟ್ಟಸವಾಗಿ ಕೂತಿರುತ್ತದೆ.

ಇದನ್ನೆಲ್ಲ ಸಾಲುಸಾಲಾಗಿ ಒಂದೇ ಆಕಾರದಲ್ಲಿ ಎರಕ ಹೊಯ್ದಂತೆ ಮಾಡಲು ಸಾಧ್ಯವಾದದ್ದು ಫೈಬರ್‌ಗ್ಲಾಸ್‌ನಿಂದ. ಮಲ್ಪೆ, ಗಂಗೊಳ್ಳಿಯ ಕಡೆಯವರಿಗೆ ಇದು ಹೊಸದಲ್ಲ. ಉಳಿದವರು ಪತ್ರೊಡೆ ನೆನೆಸಿಕೊಳ್ಳಿ: ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ. ಇಲ್ಲಿ ಎಲೆಯ ಜಾಗದಲ್ಲಿ ಗಾಜಿನ ನೂಲಿನ ಬಟ್ಟೆ, ಹಿಟ್ಟಿನ ಜಾಗದಲ್ಲಿ ರೆಸಿನ್ ಎಂಬ ಗಟ್ಟಿಯಾಗುವ ಅಂಟು. ಅಚ್ಚಿನೊಳಗೆ ಮಾಡುವುದರಿಂದ ಕೆಲಸ ತಲೆಕೆಳಗು. ಹೊರಗೆ ಹೊಳೆಯುವ ಬಣ್ಣದ ಪದರ ಎಲ್ಲಕ್ಕಿಂತ ಮೊದಲು ಬೀಳುತ್ತದೆ.

ಕ್ಯಾಲ್ 40ಕ್ಕೆ ಕುಂದಿಲ್ಲವೆಂದಲ್ಲ. ಗಾಳಿಗೆದುರಾಗಿ ಕುಲುಕುವ ಅಲೆಯಲ್ಲಿ ಹೋದರೆ ಆ ಚಪ್ಪಟೆ ಮುಂಭಾಗ ನೀರಿಗೆ ದಬದಬ ಬಡಿಯುತ್ತದೆ, ಒಳಗೆ ಮಲಗಿದವರ ಹಲ್ಲು ಅಲ್ಲಾಡುತ್ತದೆ. ಜಾರುವ ಸುಖಕ್ಕೆ ಕೊಟ್ಟ ಬೆಲೆ ಅದು, ನನಗೇನೂ ದುಬಾರಿ ಅನ್ನಿಸುವುದಿಲ್ಲ. 2022ರ ಬರ್ಮುಡಾ ರೇಸಿನ ಮುಖ್ಯ ಟ್ರೋಫಿ ಗೆದ್ದದ್ದೂ ಸ್ಯಾಲಿ ಮತ್ತು ಸ್ಟ್ಯಾನ್ ಹನಿ ದಂಪತಿಯ ಕ್ಯಾಲ್ 40, ಹೆಸರು ಇಲ್ಯೂಷನ್.

ಇಷ್ಟು ಹಳೆಯ ದೋಣಿ ನಂಬಬಹುದಾ ಎಂಬುದು ಮುಂದಿನ ಪ್ರಶ್ನೆ ಇರಬೇಕು. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಒಳಗಿನ ಪ್ಲೈವುಡ್ ಅಡ್ಡಗೋಡೆ ಕೊಳೆಯುತ್ತದೆ. ನೀರು ಹೊಕ್ಕರೆ ಹೊರಮೈಯಲ್ಲಿ ಬೊಕ್ಕೆ ಏಳುತ್ತದೆ. ಕೊಳ್ಳುವ ಮೊದಲು ತಪಾಸಣೆ ಮಾಡುವವರು ಪುಟ್ಟ ಸುತ್ತಿಗೆ ಹಿಡಿದು, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ, ಗೇಣು ಗೇಣಿಗೂ ಮೈ ತಟ್ಟುತ್ತಾ ಹೋಗುತ್ತಾರೆ. ಟಕ್ ಟಕ್ ಎಂದರೆ ಗಟ್ಟಿ. ದಬ್ ಎಂದ ಕಡೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕುತ್ತಾರೆ.