ಮುಯ್ಯಿ ಪುಸ್ತಕದ ಗಣಿತ

ನಮ್ಮ ಕಡೆ ಮದುವೆಮನೆಯ ಬಾಗಿಲಲ್ಲಿ ಒಬ್ಬರು ಉದ್ದನೆಯ ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ‘ದೊಡ್ಡತ್ತೆ ಮನೆಯವರು, 501 ರೂಪಾಯಿ, ಒಂದು ಸ್ಟೀಲ್ ಕೊಡ’ ಅಂತ ಬರೆದುಕೊಳ್ಳುತ್ತಾರೆ. ಅದು ಮುಯ್ಯಿ. ನಾಳೆ ದೊಡ್ಡತ್ತೆ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅದಕ್ಕಿಷ್ಟು ಸೇರಿಸಿ ಹಿಂತಿರುಗಿಸಬೇಕು. ಗದ್ದೆ ಕೆಲಸಕ್ಕೂ ಅದೇ ಲೆಕ್ಕ, ಮುಯ್ಯಾಳು. ತಮಾಷೆಯೆಂದರೆ ಸೇಡಿಗೂ ಕನ್ನಡದಲ್ಲಿ ಇದೇ ಪದ. ‘ಮುಯ್ಯಿ ತೀರಿಸಿದ’ ಅಂದರೆ ಕೊಟ್ಟದ್ದು ಉಡುಗೊರೆಯೋ ಏಟೋ, ಸಂದರ್ಭ ನೋಡಿಯೇ ತಿಳಿಯಬೇಕು.

ಈ ಪದ ನನಗೆ ನೆನಪಾದದ್ದು, ಶಾಂತಿಗಾಗಿ ಕೆಲಸ ಮಾಡುವವರಿಗೆಂದು ನಡೆದ ಒಂದು ತರಬೇತಿಯಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಂದಕ್ಕೆ ಬೀಳಿ, ಹಿಂದಿರುವವರು ಹಿಡಿಯುತ್ತಾರೆ ಅಂದರು. ಬಿದ್ದೆ, ಹಿಡಿದರು. ಊಟದ ಹೊತ್ತಿಗೆ ಹಿಡಿದವರ ಹೆಸರೇ ಮರೆತುಹೋಗಿತ್ತು. ‘ಮೊದಲು ನಂಬಿಕೆ, ಆಮೇಲೆ ಸಹಕಾರ’ ಅನ್ನುವುದು ಅಲ್ಲಿಯ ಮಂತ್ರ. ನನಗಂತೂ ಅದು ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸಿದ ಹಾಗೆ ಕೇಳುತ್ತದೆ. ಗಣಿತ ಹೇಳುವುದು ಉಲ್ಟಾ.

‘ಕೈದಿಗಳ ಇಕ್ಕಟ್ಟು’ ಅಂತ ಒಂದು ಆಟ. ಇಬ್ಬರು ಆಟಗಾರರು, ಎದುರಿನವನು ಏನು ಮಾಡುತ್ತಾನೆಂದು ತಿಳಿಯದೆ, ಸಹಕರಿಸುವುದೋ ಕೈಕೊಡುವುದೋ ಅಂತ ಆರಿಸಿಕೊಳ್ಳಬೇಕು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ, ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬನೇ ಕೈಕೊಟ್ಟರೆ ಅವನಿಗೆ 5, ಇನ್ನೊಬ್ಬನಿಗೆ ಸೊನ್ನೆ. 1980ರ ಸುಮಾರಿಗೆ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್, ಈ ಆಟವನ್ನು ಮತ್ತೆಮತ್ತೆ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳ ಪಂದ್ಯಾವಳಿ ನಡೆಸಿದರು. ಅತಿ ಚಿಕ್ಕ ಪ್ರೋಗ್ರಾಂ ಗೆದ್ದಿತು. ಅದನ್ನು ಕಳಿಸಿದವರು ಅನಾಟೊಲ್ ರಾಪೊಪೋರ್ಟ್. 1911ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಪಿಯಾನೊ ಕಲಿತು, ಗಣಿತಕ್ಕೆ ಹೊರಳಿ, ಟೊರೊಂಟೊದಲ್ಲಿ ಶಾಂತಿ ಅಧ್ಯಯನ ಬೆಳೆಸಿದ ಮನುಷ್ಯ. ಪಿಯಾನೊ ಬಿಟ್ಟದ್ದು ಸಂಗೀತಕ್ಕೆ ನಷ್ಟವೋ ಏನೋ, ನಮಗಂತೂ ಲಾಭ. ಅವರ ಪ್ರೋಗ್ರಾಂ ಶುದ್ಧ ಮುಯ್ಯಿ: ಮೊದಲ ಸಲ ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಎರಡನೇ ಪಂದ್ಯಾವಳಿಗೆ 62 ಪ್ರೋಗ್ರಾಂಗಳು ಬಂದವು. ಗೆದ್ದದ್ದು ಮತ್ತೆ ಅದೇ. ಸ್ವಾರಸ್ಯ ಇಲ್ಲಿದೆ: ಒಬ್ಬೊಬ್ಬ ಎದುರಾಳಿಯ ಜೊತೆಗಿನ ಆಟದಲ್ಲಿ ಅದು ಹೆಚ್ಚೆಂದರೆ ಸಮ ಮಾಡಿಕೊಳ್ಳಬಹುದು, ಯಾರಿಗಿಂತಲೂ ಹೆಚ್ಚು ಅಂಕ ಪಡೆಯಲು ಸಾಧ್ಯವೇ ಇಲ್ಲ. ಯಾರನ್ನೂ ಸೋಲಿಸದೆ, ಎಲ್ಲ ಆಟಗಳ ಒಟ್ಟು ಅಂಕದಲ್ಲಿ ಪಂದ್ಯಾವಳಿ ಗೆದ್ದದ್ದು!

ಅದಕ್ಕೊಂದು ಕಾಯಿಲೆಯೂ ಇದೆ. ಮುಯ್ಯಿ ಬರೆಯುವವರು ನಿದ್ದೆಗಣ್ಣಿನಲ್ಲಿ 501 ಇರುವಲ್ಲಿ 51 ಬರೆದರು ಅನ್ನಿ. ನೀವು ಪ್ರಾಮಾಣಿಕವಾಗಿ 51 ತಿರುಗಿಸುತ್ತೀರಿ. ದೊಡ್ಡತ್ತೆಗೆ ಅವಮಾನ. ಮುಂದಿನ ಮದುವೆಗೆ ಅವರು ಬರುವುದಿಲ್ಲ, ಅದರ ಮುಂದಿನದಕ್ಕೆ ನೀವು ಹೋಗುವುದಿಲ್ಲ. ಬಾವಿಗೆ ಬಗ್ಗಿ ಬೈದರೆ ಬಾವಿಯೂ ಬೈಯುತ್ತದೆ, ಆದರೆ ಬಾವಿಯ ದನಿ ಅಡಗುತ್ತದೆ, ಇದು ಅಡಗುವುದಿಲ್ಲ. ಟೇಬಲ್ ಟೆನಿಸ್ ಚೆಂಡಿನ ಹಾಗೆ ಒಂದೇ ತಪ್ಪು ಆ ಬದಿಗೆ ಈ ಬದಿಗೆ ಪುಟಿಯುತ್ತಲೇ ಇರುತ್ತದೆ. ಗಣಿತಜ್ಞರಾದ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1992ರಲ್ಲಿ ಮದ್ದನ್ನೂ ಲೆಕ್ಕ ಹಾಕಿ ಹೇಳಿದರು: ಮೇಲಿನ ಆಟದ ಅಂಕಗಳಿದ್ದಲ್ಲಿ ಸರಾಸರಿ ಮೂರು ಏಟಿಗೆ ಒಂದನ್ನು ನುಂಗಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ನುಂಗಿದರೆ ತಲೆಮೇಲೆ ಕೂರುವವರು ಸಿದ್ಧರಿರುತ್ತಾರೆ.

ಬಂದೂಕು ಕೈಯಲ್ಲಿದ್ದವರಿಗೆ ಒಂದು ಏಟನ್ನು ನುಂಗುವುದೂ ಕಷ್ಟ. ಅಲ್ಲಿ ಬೇಕಾದದ್ದು ಇಬ್ಬರೂ ಒಪ್ಪುವ ಪುಸ್ತಕ ಬರೆಯುವವರು. ಉತ್ತರ ಐರ್ಲೆಂಡಿನಲ್ಲಿ 1998ರ ಏಪ್ರಿಲ್ 10ರ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ ಗಾಡಿ ಇದೇ ಕೆಸರಲ್ಲಿ ಹೂತಿತ್ತು. ಬಂದೂಕು ಕೆಳಗಿಡದೆ ಜೊತೆಯಲ್ಲಿ ಸರ್ಕಾರ ನಡೆಸುವುದು ಹೇಗೆ ಅನ್ನುವುದು ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರ ವಾದ. ಕೆಳಗಿಟ್ಟರೆ ಶರಣಾದಂತೆ ಅನ್ನುವುದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಹಟ. 2000ದಲ್ಲಿ ಒಂದು ಸಣ್ಣ ಹೆಜ್ಜೆ ಬಿತ್ತು. ಬಂದೂಕು ಒಪ್ಪಿಸುವುದಿಲ್ಲ, ಅಡಗಿಸಿಟ್ಟದ್ದನ್ನು ತೋರಿಸುತ್ತೇವೆ ಅಂದರು. ನೋಡಲು ಹೋದವರು ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ, ದಕ್ಷಿಣ ಆಫ್ರಿಕಾದ ಸಿರಿಲ್ ರಾಮಫೋಸ. ನೋಡಿದರು, ಮುಟ್ಟಿದರೆ ಗೊತ್ತಾಗುವಂತೆ ವ್ಯವಸ್ಥೆ ಮಾಡಿದರು, ಮತ್ತೆ ಹೋಗಿ ಪರೀಕ್ಷಿಸಿದರು. 2004ರ ಕೊನೆಯಲ್ಲಿ ಆಯುಧ ನಾಶದ ಫೋಟೊ ಬೇಕೇಬೇಕು ಅಂತ ಯೂನಿಯನಿಸ್ಟ್ ನಾಯಕ ಇಯಾನ್ ಪೈಸ್ಲಿ ಪಟ್ಟುಹಿಡಿದಾಗ ಮಾತು ಮುರಿಯಿತು. ಅಳೆಯುವುದು ಬೇರೆ, ಮಾನ ತೆಗೆಯುವುದು ಬೇರೆ. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಫೋಟೊ ಇಲ್ಲದೆಯೇ ಆಯುಧ ನಾಶದ ಕೆಲಸ ಮುಗಿಯಿತು. ಇದರ ಉಸ್ತುವಾರಿ ಹೊತ್ತಿದ್ದ ಅಂತರರಾಷ್ಟ್ರೀಯ ಆಯೋಗದವರ ಜೊತೆ ಸಾಕ್ಷಿಗೆ ನಿಂತವರು ಇಬ್ಬರು ಪಾದ್ರಿಗಳು, ಮೆಥಡಿಸ್ಟ್ ಹೆರಾಲ್ಡ್ ಗುಡ್ ಮತ್ತು ಕ್ಯಾಥೊಲಿಕ್ ಅಲೆಕ್ ರೀಡ್. 2007ರ ಮೇ ತಿಂಗಳಲ್ಲಿ ಪೈಸ್ಲಿ, ಐಆರ್‌ಎ ನಾಯಕರಾಗಿದ್ದ ಮಾರ್ಟಿನ್ ಮೆಗಿನಿಸ್ ಜೊತೆ ಸರ್ಕಾರ ನಡೆಸಲು ಕೂತರು.

ಇಂಥ ಪುಸ್ತಕ ನಮ್ಮಲ್ಲೂ ಒಂದಿದೆ. 1988ರ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಂತೆ ಭಾರತ ಮತ್ತು ಪಾಕಿಸ್ತಾನ ಪ್ರತಿ ಜನವರಿ 1ರಂದು ತಂತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇವುಗಳ ಮೇಲೆ ದಾಳಿ ಬೇಡ ಅಂತ, ಅಷ್ಟೇ. ಶುರುವಾದದ್ದು 1992ರಲ್ಲಿ. ಕಾರ್ಗಿಲ್ ಯುದ್ಧ ಮುಗಿದು ಬಂದ ಜನವರಿಯಲ್ಲೂ ಪಟ್ಟಿ ಹೋಯಿತು, ಪಟ್ಟಿ ಬಂತು. ಮರುದಿನ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಹುಡುಕಿದರೆ ನಾಲ್ಕು ಸಾಲಿನ ಸುದ್ದಿ ಸಿಗುತ್ತದೆ.