ಓದುಗರ ಪ್ರಶ್ನೆ: ವಂಕಿ ಬೇಡ, ಆಪರೇಷನ್ನೇ ಸಾಕು ಅಂತಾರಲ್ಲ, ಯಾಕೆ?

“ನಮ್ಮ ಚಳ್ಳಕೆರೆ ಕಡೆ ಹೆಂಗಸರು ವಂಕಿ, ಮಾತ್ರೆ ಯಾವುದೂ ಬೇಡ ಅಂತಾರೆ. ಎರಡು ಮಕ್ಕಳಾದ ಮೇಲೆ ನೇರ ಸಂತಾನಹರಣ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ತಿಳಿವಳಿಕೆ ಕಮ್ಮಿಯಾ?”

ತಿಳಿವಳಿಕೆ ಕಮ್ಮಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಂಕಿ, ಅಂದರೆ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ, ಹಾಕಿಸಿಕೊಂಡ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಜಾಸ್ತಿಯಾಗಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಅಂತರಾ ಇಂಜೆಕ್ಷನ್ನಿನಿಂದ ಮುಟ್ಟಿನ ಲೆಕ್ಕವೇ ತಪ್ಪಬಹುದು. ಚಿತ್ರದುರ್ಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಇವತ್ತಿಗೂ ಮನೆಯಿಂದ ಹೊರಗಿರಬೇಕು. ಮೂರು ದಿನದ ಮುಟ್ಟು ಎಂಟು ದಿನಕ್ಕೆ ಹೋದರೆ ಆಕೆ ಎಂಟೂ ದಿನ ಹೊರಗೇ ಅಲ್ವಾ? “ಆಮೇಲೆ ಸರಿಹೋಗುತ್ತೆ” ಅಂತ ಹೇಳಿ ಕಳಿಸಿದರೆ ಅವಳಿಗೆ ಸಾಲದು.

ಇನ್ನು ಬಾಣಂತನ. ಹೆರಿಗೆಯಾದ 48 ಗಂಟೆಯೊಳಗೇ ಕಾಪರ್-ಟಿ ಹಾಕಬಹುದು. ಆದರೆ ಮಂಚದ ಪಕ್ಕ ಕೂತ ತಾಯಿ “ಬೀಗರನ್ನ ಕೇಳದೆ ಹೆಂಗಮ್ಮಾ?” ಅನ್ನುತ್ತಾಳೆ. ಐದು ತಿಂಗಳಿಗೆ ಗಂಡನ ಮನೆಗೆ ಬಂದರೆ ಅಲ್ಲಿನ ಆಶಾ ಕಾರ್ಯಕರ್ತೆಯ ಪರಿಚಯವೇ ಇಲ್ಲ. ಕಟ್ಟೆ ಮೇಲೆ ಅತ್ತೆ ಕೂತಿರುವಾಗ “ಅಕ್ಕಾ, ಮಾತ್ರೆ ಇದೆಯಾ?” ಅಂತ ಬಾಯಿ ಬಿಡುವುದು ಹೇಗೆ? ಹಾಲೂಡಿಸುವವರಿಗೂ ಆಗುವ ಛಾಯಾ ಮಾತ್ರೆ ಆ ಆಶಾ ಚೀಲದಲ್ಲೇ ಇರಬಹುದು. ಅದರಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಆದರೆ ಆ ಮಾತ್ರೆ ಪಟ್ಟಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ಪಾಡಿದ್ದರೆ ವಾರದ ಲೆಕ್ಕ ಎಲ್ಲಿ ನೆನಪಿರುತ್ತದೆ?

ಆಪರೇಷನ್ನಿಗೆ ಆ ಕಷ್ಟ ಇಲ್ಲ. ಮನೆಯವರನ್ನು ಒಂದೇ ಸಲ ಒಪ್ಪಿಸಿದರೆ ಮುಗಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. ಅವರದ್ದು ಹೊಲಿಗೆಯೂ ಇಲ್ಲದ, ಕೆಲವೇ ನಿಮಿಷದ ಕೆಲಸ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಆಯಿತು. “ಗಂಡಸು ದುಡಿಯೋನು, ಬಲ ಹೋಗುತ್ತೆ” ಅಂತ ಹೆಂಡತಿಯರೇ ಅಡ್ಡ ಬರುವುದುಂಟು. ಬಲ ಹೋಗುವುದಿಲ್ಲ. ಆಕೆಯೂ ಶೇಂಗಾ ಕೀಳಲು ಹೋಗುವವಳೇ, ಹೊಟ್ಟೆ ಕೊಯ್ಸಿಕೊಂಡು! 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನದೊಳಗೇ ಇದ್ದ ಜಿಲ್ಲೆ ನಮ್ಮದು. ಅಂಥ ಕಡೆಯೂ ಇವತ್ತಿಗೂ ಭಾರವೆಲ್ಲ ಹೆಂಗಸಿನ ಮೇಲೆಯೇ ಅನ್ನುವುದು ನನಗೆ ಬಹಳ ನೋವಿನ ವಿಷಯ.

ವಂಕಿ ಹಾಕಿಸಿಕೊಂಡು ಸ್ರಾವ ಜಾಸ್ತಿ ಆದರೆ ಆಸ್ಪತ್ರೆಗೆ ತೋರಿಸಿ. ಬೇಡ ಅನ್ನಿಸಿದ ದಿನ ತೆಗೆಸಬಹುದು. ಹಾಕಿಸಲೂ ತೆಗೆಸಲೂ ಗಂಡನ ಸಹಿ ಬೇಕಿಲ್ಲ. ಆಪರೇಷನ್ನಿಗೂ ಬೇಕಿಲ್ಲ.