ಹೆಂಚಿನಡಿಯ ಹಾಳೆ: ತೇಪೆ ಸಾಕಾ, ಬದಲಿಸಬೇಕಾ?

ಅಟ್ಟ ಹತ್ತಿ ಟಾರ್ಚ್ ಹಾಕಿದವರಿಗೆ ಹೆಂಚಿನಡಿಯ ಕಪ್ಪು ಹಾಳೆ ಹರಿದು ಜೋತುಬಿದ್ದಿರುವುದು ಕಂಡರೆ ಗಾಬರಿ ಆಗುತ್ತದೆ. "ಎಲ್ಲ ಕಿತ್ತು ಹೊಸದು ಹಾಕಿಬಿಡಿ" ಅನ್ನುತ್ತಾರೆ. ಹಾಗೆ ಮಾಡಬೇಕಾದರೆ ಹೆಂಚೆಲ್ಲ ಇಳಿಸಬೇಕು, ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು ಕೀಳಬೇಕು. ಅಷ್ಟೆಲ್ಲ ಬೇಕಾ ಅಂತ ಮೊದಲು ನೋಡಬೇಕು, ಅಲ್ವಾ?

ಮಳೆ ತಡೆಯುವುದು ಹೆಂಚಿನ ಕೆಲಸ. ಗಾಳಿಗೆ ಹೆಂಚಿನ ಸಂದಿಯಿಂದ ನುಗ್ಗುವ ಚೂರುಪಾರು ನೀರನ್ನು ಸೂರಿನಂಚಿನ ನೀರು ಹರಿಯುವ ದೋಣಿಗೆ ಇಳಿಸುವುದು ಹಾಳೆಯ ಕೆಲಸ. ಹರಿದ ಜಾಗದಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ ಹೆಚ್ಚಾಗಿ ಅದರ ಮೇಲೆ ಎಲ್ಲೋ ಹೆಂಚು ಒಡೆದಿರುತ್ತದೆ ಅಥವಾ ಜಾರಿರುತ್ತದೆ. ಮೊದಲು ಅದು ಸರಿಯಾಗಲಿ. ಇನ್ನು ಎರಡು ಪಕಾಸುಗಳ (ಇಳಿಜಾರಾಗಿ ನಿಂತ ಮರಗಳ) ನಡುವೆ ಹಾಳೆ ಸುಮಾರು 10 ಮಿಲಿಮೀಟರ್ ಜೋತಿರುವುದು ತಪ್ಪಲ್ಲ. ಬಿಗಿಯಾಗಿ ಎಳೆದು ಹೊಡೆದರೆ ನೀರು ರೀಪಿನ ಹಿಂದೆ ನಿಂತು ಮರವೇ ಕೊಳೆಯುತ್ತದೆ.

ಸೋರಿಕೆ ಅಂತ ನನ್ನನ್ನು ಕರೆಸಿದ ಎಷ್ಟೋ ಮನೆಗಳಲ್ಲಿ ಸೋರಿಕೆಯೇ ಇರಲಿಲ್ಲ. ಚಳಿಯ ಬೆಳಗ್ಗೆ ಹಾಳೆಯ ತುಂಬ ಸಣ್ಣ ಹನಿಗಳು, ಮೊಳೆಯ ತುದಿಯಲ್ಲೂ ಒಂದೊಂದು ಹನಿ. ಅದು ಕೆಳಗಿನ ಬಚ್ಚಲು, ಅಡುಗೆಮನೆಯಿಂದ ಏರಿದ ಆವಿ. ಹಳೆಯ ಡಾಂಬರು ಹಾಳೆ ಆವಿಯನ್ನು ಹೊರಗೆ ಬಿಡುವುದಿಲ್ಲ. ಸೂರಿನ ಕಿಂಡಿಗೆ ಯಾರಾದರೂ ಹತ್ತಿಯಂಥ ಶಾಖನಿರೋಧಕ ತುರುಕಿದ್ದರೆ ಗಾಳಿಗೂ ದಾರಿ ಇಲ್ಲ. ಕಿಂಡಿ ಬಿಡಿಸಿ, ಆವಿ ಎಳೆಯುವ ಫ್ಯಾನಿನ ಕೊಳವೆಯನ್ನು ಅಟ್ಟದಲ್ಲಿ ಬಿಡದೆ ಮನೆಯ ಹೊರಕ್ಕೆ ತಿರುಗಿಸಿ.

ಸಣ್ಣ ಹರಕಿಗೆ ಒಳಗಿನಿಂದಲೇ ತೇಪೆ ಹಾಕಬಹುದು. ಆದರೆ ಸುಮ್ನೆ ಅಡಿಯಿಂದ ಅಂಟಿಸಿದರೆ ಆಗುವುದಿಲ್ಲ. ನೀರು ಹಾಳೆಯ ಮೇಲ್ಮೈಯಲ್ಲಿ ಹರಿಯುತ್ತದೆ, ಅಡಿಯ ತೇಪೆ ಅದನ್ನು ಜೋಳಿಗೆಯಂತೆ ತುಂಬಿಕೊಳ್ಳುತ್ತದೆ. ಹರಕಿಗಿಂತ ದೊಡ್ಡ ತುಂಡು ಕತ್ತರಿಸಿ. ಅದರ ಕೆಳಅಂಚನ್ನು ತೂತಿನಿಂದ ಹೊರಕ್ಕೆ ತೂರಿಸಿ ಹಳೆಯ ಹಾಳೆಯ ಮೇಲೆ ಕೂರಿಸಿ. ಮೇಲಂಚು ಹಳೆಯ ಹಾಳೆಯ ಅಡಿಯಲ್ಲೇ, ಅಂದರೆ ನಿಮ್ಮ ಕಣ್ಣಿಗೆ ಕಾಣುವಂತೆ ಉಳಿಯಲಿ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುವ ಲೆಕ್ಕವೇ ಇಲ್ಲಿಯೂ. ಅಂಟಿಸುವ ಮುಂಚೆ ಧೂಳು ಒರೆಸಿ, ಜಾಗ ಒಣಗಿರಲಿ. ಕಾಲಿಡುವುದು ತೊಲೆಯ ಮೇಲೆ ಮಾತ್ರ.

ಒಬ್ಬರು ಪಕಾಸಿನ ಅಡಿಗೆ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹೊಡೆಸಿದ್ದರು. ನೋಡಲು ಬಲು ಚೆಂದ. ಸೂರಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದೆ, ಅರ್ಧದವರೆಗೂ ಇಳಿದುಹೋಯಿತು. ಆ ಪ್ಲಾಸ್ಟಿಕ್‌ನ ಹಿಂಬದಿ ಇಳಿದ ನೀರಿಗೆ ದೋಣಿ ಸಿಗದೆ ಅಲ್ಲೇ ನಿಂತಿತ್ತು. ಅಡಿಯಿಂದ ಫೋಮ್ (ಗಟ್ಟಿಯಾಗುವ ನೊರೆ) ಸಿಂಪಡಿಸಿ ಅಂಟಿಸುವುದೂ ನನಗೆ ಇಷ್ಟವಿಲ್ಲ. ಮರದ ತೇವ ಒಳಗೇ ಉಳಿಯಬಹುದು, ಹೆಂಚಿಗೂ ಅಂಟಿದ್ದರೆ ಮುಂದೆ ಆ ಹೆಂಚು ಬಿಡಿಸಿ ಮತ್ತೆ ಬಳಸುವುದು ಕಷ್ಟ.

ಬೆರಳಲ್ಲಿ ಮಡಿಸಿದರೆ ಹಾಳೆ ಪಟಕ್ಕನೆ ಒಡೆದರೆ, ಹರಕು ಎಲ್ಲ ಕಡೆ ಇದ್ದರೆ ಬದಲಿಸುವುದೇ ಸರಿ. ಸೂರಿನಂಚು ಮಾತ್ರ ಹಾಳಾಗಿದ್ದರೆ ಅಷ್ಟು ಬೇಡ. ಅಲ್ಲಿ ಬಿಸಿಲು ತಾಗುವುದರಿಂದ ಅದೇ ಮೊದಲು ಪುಡಿಯಾಗುತ್ತದೆ. ಕೆಳಗಿನ ಕೆಲವು ಸಾಲು ಹೆಂಚು ಎತ್ತಿ, ನೀರನ್ನು ದೋಣಿಗೆ ಇಳಿಸುವ ಪ್ಲಾಸ್ಟಿಕ್ ತಟ್ಟೆಪಟ್ಟಿ ಕೂರಿಸಿ, ಅದರ ಮೇಲಂಚನ್ನು ಹಳೆಯ ಹಾಳೆಯ ಅಡಿಗೆ ತೂರಿಸಿದರೆ ಸಾಕು. ಹಳೆಯ ಡಾಂಬರು ಹಾಳೆಗಳಲ್ಲಿ ಕೆಲವಕ್ಕೆ ಕಲ್ನಾರು (ಆಸ್ಬೆಸ್ಟಾಸ್) ಬೆರೆಸುತ್ತಿದ್ದರು. ಅನುಮಾನ ಇದ್ದರೆ ಕೀಳುವ ಮೊದಲು ಪರೀಕ್ಷೆ ಮಾಡಿಸಿ.

ಪೂರ್ತಿ ಹೊಸದಾದರೆ ಆವಿ ಬಿಡುವ, ನೀರು ತಡೆಯುವ ಹಾಳೆ ಕೇಳಿ. ಸೂರಿನಿಂದ ಶುರುಮಾಡಿ ಮೇಲಕ್ಕೆ ಹಾಸಬೇಕು. ಒಂದರ ಮೇಲೊಂದು 100ರಿಂದ 150 ಮಿಲಿಮೀಟರ್ ಏರಿರಬೇಕು, ಇಳಿಜಾರು ಕಡಿಮೆ ಇದ್ದಷ್ಟೂ ಜಾಸ್ತಿ. ಕೆಳಗಿನ ಸಾಲಿನ ಹೆಂಚು ಮುಚ್ಚುವ ಮುನ್ನ ಹಾಳೆಯ ಮೇಲೆ ಒಂದು ಚೊಂಬು ನೀರು ಸುರಿಸಿ. ದೋಣಿಗೆ ಬಿತ್ತಾ, ಗೋಡೆಗೆ ಇಳಿಯಿತಾ ಅಂತ ನೀವೇ ಕೆಳಗೆ ನಿಂತು ನೋಡಿ.